ನಿಲ್ಲದ ಲೂಪ್, ಬಿಟ್ಟುಹೋದ ಸಾಲು

ನಮ್ಮ ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಪುಸ್ತಕದ ಮೊದಲ ಪಾಠವೇ ಎಕ್ಸೆಪ್ಷನ್ ಹ್ಯಾಂಡ್ಲಿಂಗ್. ಪರೀಕ್ಷೆಗೆ ಬೇಕಾದಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಟ್ರೈ ಎಂದರೇನು, ಎಕ್ಸೆಪ್ಟ್ ಎಂದರೇನು, ಫೈನಲಿ ಯಾವಾಗ ನಡೆಯುತ್ತದೆ. ಅದೇ ಪಾಠವನ್ನು ಒಂದು ಲೂಪ್‌ನ ಒಳಗೆ ಇಟ್ಟಾಗ ಏನಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಲ್ಯಾಬ್‌ನಲ್ಲಿ ಅಲ್ಲ, ಮಾಮು ಅವರ ಅಡಿಕೆ ಮನೆಯಲ್ಲಿ. ಅದೂ ತಪ್ಪು ಮಾಡಿದ ಮೇಲೆ. ವಾಣಿಜ್ಯ ವಿಭಾಗದವರಿಗೆ ಇದು ಅಕೌಂಟೆನ್ಸಿಗೂ ಸೇರಿದ ವಿಷಯ, ಆದ್ದರಿಂದ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳದ ಸ್ನೇಹಿತರೂ ಓದಬಹುದು.

ಚನ್ನಗಿರಿ ಕಡೆಯವರಿಗೆ ಈ ಕೆಲಸ ಗೊತ್ತು. ಮಾಮು ಪ್ರತಿ ವರ್ಷ ಒಂದೆರಡು ಅಡಿಕೆ ತೋಟಗಳ ಫಸಲನ್ನು ಖೇಣಿ ಹಿಡಿಯುತ್ತಾರೆ. ಕೊಯ್ಲಿನ ಕಾಲದಲ್ಲಿ ಸುತ್ತಮುತ್ತಲಿನ ಓಣಿಗಳ ಹೆಂಗಸರು ಬಂದು ಹಸಿ ಅಡಿಕೆ ಸುಲಿಯುತ್ತಾರೆ. ಯಾರು ಎಷ್ಟು ಸುಲಿದರೋ ಅಷ್ಟು ತೂಕಕ್ಕೆ ಕೂಲಿ. ಹಬ್ಬಕ್ಕೋ ಆಸ್ಪತ್ರೆಗೋ ಮೊದಲೇ ಹಣ ಪಡೆದಿದ್ದರೆ ಆ ಮುಂಗಡವನ್ನು ಕಳೆದು ಉಳಿದದ್ದು ವಾರದ ಬಟವಾಡೆಯಲ್ಲಿ ಸಿಗುತ್ತದೆ. ಮಾಮು ಇದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಹೆಸರಿನ ಜಾಗದಲ್ಲಿ "ಮೂಲೆಮನೆ ಖಾಲಾ", "ಟೈಲರ್ ಮನೆಯವರು", "ಕೆರೆ ಓಣಿ ಅಕ್ಕ" ಎಂದಿರುತ್ತದೆ.

ಕಳೆದ ಹಂಗಾಮಿನಲ್ಲಿ ನಾನು ಜಾಣತನ ತೋರಿಸಲು ಹೊರಟೆ. "ಮಾಮು, ಇದನ್ನು ಲ್ಯಾಪ್‌ಟಾಪ್‌ನಲ್ಲಿ ಒಂದು ನಿಮಿಷದಲ್ಲಿ ಮಾಡಿಕೊಡುತ್ತೇನೆ" ಎಂದೆ. ನೋಟ್‌ಬುಕ್‌ನಲ್ಲಿದ್ದ 38 ಸಾಲುಗಳನ್ನು ಇದ್ದಂತೆಯೇ ಟೈಪ್ ಮಾಡಿದೆ. ಪ್ರತಿ ಸಾಲಿನಲ್ಲಿ ಮೂರು ಕಲಮು: ಹೆಸರು, ತೂಕ, ಮುಂಗಡ. ನಡುವೆ ಅಲ್ಪವಿರಾಮ. ಪ್ರೋಗ್ರಾಂ ಮಾಡಬೇಕಾದದ್ದು ಸುಲಭ. ಒಂದೊಂದೇ ಸಾಲು ಓದು, ತೂಕವನ್ನು ದರದಿಂದ ಗುಣಿಸು, ಮುಂಗಡ ಕಳೆ, ಪ್ರಿಂಟ್ ಮಾಡು. (ದರ ಕೆ.ಜಿ.ಗೆ 10 ರೂಪಾಯಿ ಎಂದುಕೊಳ್ಳಿ, ಲೆಕ್ಕಕ್ಕೆ ಸುಲಭ.)

ಆರು ಸಾಲು ಚೆನ್ನಾಗಿ ಬಂದವು. ಏಳನೆಯದರಲ್ಲಿ ಕೆಂಪು ಅಕ್ಷರಗಳು. ಕೊನೆಯಲ್ಲಿ ವ್ಯಾಲ್ಯೂಎರರ್. ಏಳನೆಯ ಸಾಲಿನ ತೂಕ "42 1/2" ಎಂದಿತ್ತು. ಮಾಮು ನಲವತ್ತೆರಡೂವರೆಯನ್ನು ಹಾಗೆಯೇ ಬರೆಯುವುದು, ನಮ್ಮೂರಲ್ಲಿ ಎಲ್ಲರೂ ಹಾಗೆಯೇ ಬರೆಯುವುದು. ಪೈಥಾನ್‌ನ ಫ್ಲೋಟ್‌ಗೆ ಅದು ಅರ್ಥವಾಗುವುದಿಲ್ಲ.

ಇಲ್ಲಿ ಒಂದು ಅಡ್ಡಮಾತು. ಫ್ಲೋಟ್ ಮತ್ತು ಇಂಟ್ ಯಾವುದನ್ನು ಒಪ್ಪುತ್ತವೆ, ಯಾವುದನ್ನು ಒಪ್ಪುವುದಿಲ್ಲ ಎಂದು ಆಮೇಲೆ ಕೂತು ನೋಡಿದೆ. ಹಿಂದೆ ಮುಂದೆ ಖಾಲಿ ಜಾಗವಿದ್ದರೆ ತೊಂದರೆಯಿಲ್ಲ. "450/-" ಎಂದರೆ ಎರರ್. "1,500" ಎಂದರೂ ಎರರ್, ನಮ್ಮ ಅಕೌಂಟೆನ್ಸಿ ಪುಸ್ತಕದ ಎಲ್ಲ ಸಂಖ್ಯೆಗಳೂ ಹಾಗೆಯೇ ಇದ್ದರೂ ಸಹ. ಆದರೆ ಕನ್ನಡ ಅಂಕಿಯಲ್ಲಿ "೪೫" ಎಂದು ಕೊಟ್ಟೆ, 45 ಎಂದು ಸರಿಯಾಗಿ ತೆಗೆದುಕೊಂಡಿತು! ನಾನಾ ಅವರ ಹಳೆಯ ಲೆಕ್ಕದ ಪುಸ್ತಕದಲ್ಲಿರುವಂತೆ ಉರ್ದು ಅಂಕಿಯಲ್ಲಿ ಕೊಟ್ಟರೂ 45. ನನಗೆ ಎಷ್ಟು ಖುಷಿಯಾಯಿತೆಂದರೆ ಅಮ್ಮಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವರು "ಸರಿ, ಅನ್ನ ಇಳಿಸಿ ಬರ್ತೀನಿ" ಎಂದರು.

ಮತ್ತೆ ವಿಷಯಕ್ಕೆ. ಎರರ್ ಬಂದ ದಿನ ಸಂಜೆಯೇ ಬಟವಾಡೆ. ಹೆಂಗಸರು ಜಗಲಿಯಲ್ಲಿ ಕೂತಿದ್ದಾರೆ. ನಾನು ಗಾಬರಿಯಲ್ಲಿ ಪಾಠ ನೆನಪಿಸಿಕೊಂಡು ಇಡೀ ಲೂಪ್ ಅನ್ನು ಟ್ರೈ ಒಳಗೆ ಹಾಕಿದೆ. ಕೆಂಪು ಅಕ್ಷರ ಹೋಯಿತು. ಆದರೆ ಆರೇ ಸಾಲು ಬಂದವು. ಏಕೆಂದರೆ ಟ್ರೈ ಹೊರಗಿದ್ದು ಲೂಪ್ ಒಳಗಿದ್ದರೆ, ಎರರ್ ಬಂದ ಕೂಡಲೇ ಪ್ರೋಗ್ರಾಂ ಲೂಪ್‌ನಿಂದಲೇ ಆಚೆ ಜಿಗಿದು ಎಕ್ಸೆಪ್ಟ್‌ಗೆ ಹೋಗುತ್ತದೆ. ಮತ್ತೆ ಲೂಪ್‌ನೊಳಗೆ ಬರಲು ದಾರಿಯಿಲ್ಲ. ನ್ಯಾಮತಿಯಲ್ಲಿ ಹತ್ತಿ ಹೊನ್ನಾಳಿ ದಾಟಿ ಬರುವ ನಮ್ಮ ಸ್ನೇಹಿತರ ಬಸ್ಸನ್ನು ನೆನೆಸಿಕೊಳ್ಳಿ. ಒಬ್ಬ ಹುಡುಗನ ಪಾಸ್ ಅವಧಿ ಮುಗಿದಿದೆ ಎಂದು ಕಂಡಕ್ಟರ್ ಎಲ್ಲರನ್ನೂ ಇಳಿಸಿ ಬಸ್ಸನ್ನು ಡಿಪೋಗೆ ಕಳಿಸಿದರೆ ಹೇಗೆ? ಹೊರಗಿನ ಟ್ರೈ ಮಾಡುವುದು ಅದನ್ನೇ.

ಟ್ರೈ ಅನ್ನು ಲೂಪ್‌ನ ಒಳಗೆ ಇಟ್ಟರೆ ಪ್ರತಿ ಸಾಲಿಗೂ ಪ್ರತ್ಯೇಕ ಟ್ರೈ. ಒಂದು ಸಾಲು ಕೆಟ್ಟರೆ ಅದರ ಎಕ್ಸೆಪ್ಟ್ ನಡೆಯುತ್ತದೆ, ಲೂಪ್ ಮುಂದಿನ ಸಾಲಿಗೆ ಹೋಗುತ್ತದೆ. ನಾನೂ ಹಾಗೆಯೇ ಬದಲಿಸಿದೆ. ಎಕ್ಸೆಪ್ಟ್‌ನ ಕೆಳಗೆ ಏನು ಬರೆಯುವುದೆಂದು ಹೊಳೆಯಲಿಲ್ಲ, "ಪಾಸ್" ಎಂದು ಬರೆದೆ. ಪ್ರೋಗ್ರಾಂ ಕೊನೆಯವರೆಗೂ ಓಡಿತು. ಕೆಳಗೆ ಒಟ್ಟು ಮೊತ್ತ ಬಂತು. ಮಾಮು "ಶಾಬಾಶ್" ಎಂದರು. ಆ ಪಟ್ಟಿ ನೋಡಿ ಹೆಸರು ಕೂಗಿ ಹಣ ಕೊಟ್ಟರು.

ಪಟ್ಟಿಯಲ್ಲಿ 35 ಸಾಲುಗಳಿದ್ದವು. ನಾನು ಎಣಿಸಲಿಲ್ಲ.

ಹೆಸರು ಬಾರದ ಮೂವರಲ್ಲಿ ಇಬ್ಬರು ಅಲ್ಲೇ ಎದ್ದು ಕೇಳಿದರು. ಒಬ್ಬರದು ಆ ನಲವತ್ತೆರಡೂವರೆ ಕೆ.ಜಿ., ಇನ್ನೊಬ್ಬರದು "36 ಕೆ.ಜಿ." ಎಂದು ನಾನೇ ಕೆ.ಜಿ. ಸೇರಿಸಿ ಟೈಪ್ ಮಾಡಿದ್ದ ಸಾಲು. ಮಾಮು ನೋಟ್‌ಬುಕ್ ನೋಡಿ ಅವರಿಗೆ ಕೊಟ್ಟರು. ಟೈಪ್ ಮಾಡುವಾಗ ಹುಡುಗಿ ಎರಡು ಹೆಸರು ಬಿಟ್ಟಿದ್ದಾಳೆ ಎಂದುಕೊಂಡರು. ಮೂರನೆಯವರು ಮೂಲೆಮನೆ ಖಾಲಾ. ವಯಸ್ಸಾದವರು. ಏನೂ ಕೇಳದೆ ಎದ್ದು ಮನೆಗೆ ಹೋದರು. ಅವರ ಸಾಲಿನಲ್ಲಿ ಮುಂಗಡದ ಜಾಗದಲ್ಲಿ ಒಂದು ಅಡ್ಡಗೆರೆ ಇತ್ತು, ಅಷ್ಟೆ. ಅವರು ಯಾವತ್ತೂ ಮುಂಗಡ ಪಡೆದವರಲ್ಲ. ಸಾಲವನ್ನೇ ಮಾಡದವರ ಕೂಲಿಯನ್ನು ನನ್ನ ಪ್ರೋಗ್ರಾಂ ಆ ಗೆರೆಗಾಗಿ ಬಿಟ್ಟುಬಿಟ್ಟಿತ್ತು. ಒಂದು ವಾರದ ನಂತರ ನಾನಿ ಬೇರೆ ಕೆಲಸಕ್ಕೆ ಅವರ ಮನೆಗೆ ಹೋದಾಗ ತಿಳಿಯಿತು. ಏಕೆ ಕೇಳಲಿಲ್ಲ ಎಂದರೆ, "ಕಂಪ್ಯೂಟರ್ ಲೆಕ್ಕ ಅಂದರು, ಅದು ತಪ್ಪುತ್ತಾ? ನನ್ನ ತೂಕಾನೇ ಬರೆದಿಲ್ಲವೇನೋ ಅಂದ್ಕೊಂಡೆ" ಎಂದರಂತೆ.

ಮಾಮು ನನ್ನನ್ನು ಬೈಯಲಿಲ್ಲ. "ಬೇಟಾ, ನಿನ್ನ ಮೆಷಿನ್ ನಿಂತಿದ್ದರೆ ನಾನು ಕೈಯಲ್ಲೇ ಲೆಕ್ಕ ಮಾಡುತ್ತಿದ್ದೆ. ಅದು ನಿಲ್ಲಲಿಲ್ಲ, ಅದಕ್ಕೇ ಹೀಗಾಯಿತು" ಎಂದರು.

ನಾಲ್ಕನೆಯ ತಪ್ಪೂ ಇತ್ತು, ಅದು ಇನ್ನೂ ವಿಚಿತ್ರ. ಕೆರೆ ಓಣಿ ಅಕ್ಕ ಮರುದಿನವೇ ಬಂದು "ನನಗೆ ಜಾಸ್ತಿ ಕೊಟ್ಟಿದ್ದೀರಿ" ಎಂದು 1,499 ರೂಪಾಯಿ ವಾಪಸ್ ಕೊಟ್ಟರು. ಅವರ ಮುಂಗಡ 1,500. ನಾನು ಅಲ್ಪವಿರಾಮದೊಂದಿಗೇ ಟೈಪ್ ಮಾಡಿದ್ದೆ. ಸಾಲನ್ನು ಅಲ್ಪವಿರಾಮ ಇದ್ದಲ್ಲೆಲ್ಲ ಕತ್ತರಿಸುವ ಸ್ಪ್ಲಿಟ್, 1,500 ಅನ್ನೂ ಕತ್ತರಿಸಿ "1" ಮತ್ತು "500" ಮಾಡಿತು. ಮೂರನೆಯ ಕಲಮಿನಲ್ಲಿ 1 ಕೂತಿತು. ಎರರ್ ಏನೂ ಬರಲಿಲ್ಲ. ಒಂದು ರೂಪಾಯಿ ಕಳೆದು ಉಳಿದದ್ದನ್ನೆಲ್ಲ ಕೊಟ್ಟೆವು. ಎರರ್ ಬಾರದಿದ್ದರೆ ಲೆಕ್ಕ ಸರಿ ಎಂದು ಅಲ್ಲಿಯವರೆಗೆ ನಂಬಿದ್ದೆ.

ಈಗ ಅಕೌಂಟೆನ್ಸಿಗೆ ಬನ್ನಿ. ಪ್ರಥಮ ಪಿಯುಸಿಯಲ್ಲಿ ತಪ್ಪುಗಳ ತಿದ್ದುಪಡಿ ಪಾಠದಲ್ಲಿ ಒಂದು ಮಾತು ಓದಿದ್ದೆವು. ಒಂದು ವ್ಯವಹಾರವನ್ನು ಪೂರ್ತಿಯಾಗಿ ಬರೆಯದೇ ಬಿಟ್ಟರೆ, ಅಂದರೆ ಡೆಬಿಟ್ಟೂ ಇಲ್ಲ ಕ್ರೆಡಿಟ್ಟೂ ಇಲ್ಲ, ಆ ತಪ್ಪು ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಕಾಣುವುದಿಲ್ಲ. ಎರಡೂ ಕಡೆ ಸರಿಯಾಗಿಯೇ ಕೂಡುತ್ತದೆ. ಎರರ್ ಆಫ್ ಕಂಪ್ಲೀಟ್ ಒಮಿಷನ್. ಎರಡು ಅಂಕದ ಪ್ರಶ್ನೆ. ಎಕ್ಸೆಪ್ಟ್ ಕೆಳಗೆ ಪಾಸ್ ಬರೆಯುವುದೆಂದರೆ ಈ ತಪ್ಪನ್ನು ನಾವೇ ಕೈಯಾರೆ ತಯಾರಿಸುವುದು. ನನ್ನ 35 ಸಾಲುಗಳ ಒಟ್ಟು ಮೊತ್ತ ಆ 35 ಸಾಲುಗಳಿಗೆ ಸರಿಯಾಗಿಯೇ ಇತ್ತು.

ಅದೇ ಪಾಠದಲ್ಲಿ ಇದಕ್ಕೆ ಮದ್ದೂ ಇದೆ: ಅನಾಮತ್ತು ಖಾತೆ, ಇಂಗ್ಲಿಷ್ ಮಾಧ್ಯಮದವರ ಸಸ್ಪೆನ್ಸ್ ಅಕೌಂಟ್. ಲೆಕ್ಕ ತಾಳೆಯಾಗದಿದ್ದರೆ ಗುಮಾಸ್ತ ಕೆಲಸ ನಿಲ್ಲಿಸುವುದಿಲ್ಲ, ವ್ಯತ್ಯಾಸವನ್ನು ಮುಚ್ಚಿಡುವುದೂ ಇಲ್ಲ. ಎಲ್ಲರ ಕಣ್ಣಿಗೆ ಬೀಳುವಂತೆ ಒಂದು ಖಾತೆಯಲ್ಲಿ ಇಟ್ಟು ಮುಂದೆ ಹೋಗುತ್ತಾನೆ. ತಪ್ಪು ಸಿಕ್ಕಿದ ಮೇಲೆ ಆ ಖಾತೆ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಅಮಾನತ್ ಎಂದರೆ ಯಾರೋ ನಂಬಿ ನಮ್ಮ ಕೈಯಲ್ಲಿ ಇಟ್ಟು ಹೋದದ್ದು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿಗಳಂತೆ ಈ ಪದವೂ ನಮ್ಮ ಮನೆಮಾತಿನ ಕಡೆಯಿಂದಲೇ ಲೆಕ್ಕದ ಕನ್ನಡಕ್ಕೆ ಬಂದಿದೆ. ಖಾಲಾ ಅವರ ಕೂಲಿ ಒಂದು ವಾರ ನಮ್ಮ ಬಳಿ ಇದ್ದದ್ದು ಹಾಗೆಯೇ, ಬರೆದಿಡದ ಅಮಾನತ್ ಆಗಿ.

ಆಮೇಲೆ ಬರೆದ ಪ್ರೋಗ್ರಾಂ ಕೆಳಗಿದೆ. ಲ್ಯಾಬ್‌ನಲ್ಲಿ ಫಾರ್, ಟ್ರೈ ಮುಂತಾದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ವೇರಿಯಬಲ್ ಹೆಸರುಗಳನ್ನು ಮಾತ್ರ ಹೀಗೆಯೇ ಕನ್ನಡದಲ್ಲಿ ಇಡಬಹುದು, ಪೈಥಾನ್ 3 ಒಪ್ಪುತ್ತದೆ.

ಒಟ್ಟು = 0
ಅನಾಮತ್ತು = []
ಫಾರ್ ಕ್ರಮ, ಸಾಲು ಇನ್ ಎನ್ಯುಮರೇಟ್(ಕಡತ, 1):
    ಟ್ರೈ:
        ಭಾಗ = ಸಾಲು.ಸ್ಪ್ಲಿಟ್(",")
        ಇಫ್ ಲೆನ್(ಭಾಗ) != 3:
            ರೈಸ್ ವ್ಯಾಲ್ಯೂಎರರ್("ಮೂರು ಕಲಮು ಇಲ್ಲ")
        ತೂಕ = ಫ್ಲೋಟ್(ಭಾಗ[1])
        ಮುಂಗಡ = ಫ್ಲೋಟ್(ಭಾಗ[2])
    ಎಕ್ಸೆಪ್ಟ್ ವ್ಯಾಲ್ಯೂಎರರ್ ಆ್ಯಸ್ ಕಾರಣ:
        ಅನಾಮತ್ತು.ಅಪೆಂಡ್((ಕ್ರಮ, ಸಾಲು, ಕಾರಣ))
    ಎಲ್ಸ್:
        ಕೂಲಿ = ತೂಕ * ದರ - ಮುಂಗಡ
        ಒಟ್ಟು = ಒಟ್ಟು + ಕೂಲಿ
        ಪ್ರಿಂಟ್(ಭಾಗ[0], ಕೂಲಿ)
ಪ್ರಿಂಟ್("ಓದಿದ ಸಾಲು", ಕ್ರಮ)
ಪ್ರಿಂಟ್("ಅನಾಮತ್ತು", ಲೆನ್(ಅನಾಮತ್ತು))

ಮೊದಲು ಎಕ್ಸೆಪ್ಟ್ ನೋಡಿ. ಕೆಟ್ಟ ಸಾಲನ್ನು ಎಸೆಯುತ್ತಿಲ್ಲ. ಎಷ್ಟನೆಯ ಸಾಲು, ಅದರಲ್ಲಿ ಏನಿತ್ತು, ಪೈಥಾನ್ ಹೇಳಿದ ಕಾರಣವೇನು ಎಂಬ ಮೂರನ್ನೂ ಪಟ್ಟಿಗೆ ಸೇರಿಸುತ್ತಿದೆ. ಎನ್ಯುಮರೇಟ್ ಇರುವುದು ಸಾಲಿನ ಸಂಖ್ಯೆಗಾಗಿ. ಬರೀ "ತಪ್ಪಾಗಿದೆ" ಎಂದು ಪ್ರಿಂಟ್ ಮಾಡಿದರೆ 38 ಸಾಲಿನಲ್ಲಿ ಹುಡುಕಬೇಕು, ಸಾಲಿನ ಸಂಖ್ಯೆ ಇದ್ದರೆ ನೋಟ್‌ಬುಕ್ ತೆರೆದು ಬೆರಳಿಟ್ಟು ತೋರಿಸಬಹುದು.

ರೈಸ್ ಇರುವುದು ಆ 1,500ಕ್ಕಾಗಿ. ಪೈಥಾನ್‌ಗೆ ತಪ್ಪು ಎನಿಸದೇ ಇದ್ದದ್ದನ್ನು ನಾವೇ ತಪ್ಪು ಎಂದು ಕೂಗಿ ಹೇಳುವುದು. ತುಂಡುಗಳು ಮೂರಕ್ಕಿಂತ ಹೆಚ್ಚಿದ್ದರೂ ಕಡಿಮೆ ಇದ್ದರೂ ಆ ಸಾಲು ಅನಾಮತ್ತಿಗೆ ಹೋಗುತ್ತದೆ. ಇನ್ನೊಂದು ಬಲೆಯೂ ಇದೆ. ಇಂಗ್ಲಿಷ್‌ನ ಎನ್, ಎ, ಎನ್ ಎಂಬ ಮೂರು ಅಕ್ಷರಗಳನ್ನು ಫ್ಲೋಟ್‌ಗೆ ಕೊಟ್ಟರೆ ಅದು ಎರರ್ ಕೊಡದೆ "ಸಂಖ್ಯೆಯಲ್ಲ" ಎಂಬ ವಿಶೇಷ ಬೆಲೆಯಾಗಿ ತೆಗೆದುಕೊಳ್ಳುತ್ತದೆ, ಆಮೇಲೆ ಒಟ್ಟು ಮೊತ್ತವೂ "ಸಂಖ್ಯೆಯಲ್ಲ" ಆಗಿಬಿಡುತ್ತದೆ. ಹೋಟೆಲ್ ಲೆಕ್ಕ ಬರೆಯುವವರು ನಾನ್ ರೊಟ್ಟಿಯನ್ನು ಯಾವ ಕಲಮಿನಲ್ಲಿ ಟೈಪ್ ಮಾಡುತ್ತೀರಿ ಎಂದು ಜೋಪಾನ!

ಎಲ್ಸ್ ಏಕೆ ಎಂದು ನನ್ನ ಗೆಳತಿ ಕೇಳಿದಳು. ಕೂಡುವುದನ್ನೂ ಟ್ರೈ ಒಳಗೇ ಬರೆದರೆ ಆಗದೇ? ಆಗುತ್ತದೆ, ಆದರೆ ಒಂದು ಅಪಾಯವಿದೆ. ತೂಕ ಓದಿದ ತಕ್ಷಣ ಒಟ್ಟು ತೂಕಕ್ಕೆ ಕೂಡಿದೆವು, ಆಮೇಲೆ ಮುಂಗಡ ಓದುವಾಗ ಎರರ್ ಬಂತು ಎಂದಿಟ್ಟುಕೊಳ್ಳಿ. ಸಾಲು ಅನಾಮತ್ತಿಗೆ ಹೋಯಿತು, ಆದರೆ ಅದರ ಅರ್ಧ ಆಗಲೇ ಒಟ್ಟಿನಲ್ಲಿ ಸೇರಿಹೋಗಿದೆ. ಡೆಬಿಟ್ ಬರೆದು ಕ್ರೆಡಿಟ್ ಬರೆಯುವ ಮೊದಲು ಗುಮಾಸ್ತ ಊಟಕ್ಕೆ ಎದ್ದಂತೆ. ಸಾಲು ಪೂರ್ತಿ ಬಿಟ್ಟುಹೋಗುವುದಕ್ಕಿಂತ ಇದು ಕೆಟ್ಟದ್ದು ಎಂದು ನನ್ನ ಅಭಿಪ್ರಾಯ, ಏಕೆಂದರೆ ಆ ಸಾಲನ್ನು ತಿದ್ದಿ ಮತ್ತೆ ಸೇರಿಸಿದಾಗ ಅದರ ತೂಕ ಎರಡು ಸಲ ಕೂಡುತ್ತದೆ. ಆದ್ದರಿಂದ ಮೊದಲು ಸಾಲಿನ ಎಲ್ಲ ಕಲಮುಗಳನ್ನೂ ಪರೀಕ್ಷಿಸಿ, ಯಾವುದೂ ಕೆಟ್ಟಿಲ್ಲ ಎಂದಾದ ಮೇಲೆ ಎಲ್ಸ್‌ನಲ್ಲಿ ಕೂಡಿ.

ಎಕ್ಸೆಪ್ಟ್‌ನ ಮುಂದೆ ವ್ಯಾಲ್ಯೂಎರರ್ ಎಂದು ಹೆಸರು ಹಾಕಿದ್ದೇನೆ. ಹೆಸರಿಲ್ಲದ ಎಕ್ಸೆಪ್ಟ್ ಎಲ್ಲವನ್ನೂ ಹಿಡಿಯುತ್ತದೆ, ನನ್ನದೇ ಸ್ಪೆಲಿಂಗ್ ತಪ್ಪಿನಿಂದ ಬರುವ ನೇಮ್‌ಎರರ್ ಅನ್ನೂ. ಆಗ ಎಲ್ಲ 38 ಸಾಲುಗಳೂ ಕೆಟ್ಟಿವೆ ಎಂದು ಪ್ರೋಗ್ರಾಂ ಹೇಳುತ್ತದೆ, ಕೆಟ್ಟಿರುವುದು ನಾನು. ಲ್ಯಾಬ್‌ನಲ್ಲಿ ವೈಲ್ ಟ್ರೂ ಹಾಕಿ ಸರಿಯಾದ ಸಂಖ್ಯೆ ಕೊಡುವವರೆಗೆ ಕೇಳುತ್ತಲೇ ಇರುವ ಪ್ರೋಗ್ರಾಂ ಬರೆಯುತ್ತೇವಲ್ಲ, ಅದರಲ್ಲಿ ಹೆಸರಿಲ್ಲದ ಎಕ್ಸೆಪ್ಟ್ ಹಾಕಿದರೆ ಕಂಟ್ರೋಲ್ ಮತ್ತು ಸಿ ಒತ್ತಿದರೂ ನಿಲ್ಲುವುದಿಲ್ಲ. ನಿಲ್ಲಿಸು ಎಂಬ ಆ ಆಜ್ಞೆಯೂ ಪೈಥಾನ್‌ಗೆ ಒಂದು ಎಕ್ಸೆಪ್ಷನ್, ಅದನ್ನೂ ಹಿಡಿದು ಮತ್ತೆ "ಸಂಖ್ಯೆ ಕೊಡಿ" ಎನ್ನುತ್ತದೆ. ಕೊನೆಗೆ ಆ ಕಿಟಕಿಯನ್ನೇ ಮುಚ್ಚಬೇಕು.

ಹಾಗಾದರೆ ಎಲ್ಲ ಎರರ್‌ಗೂ ಮುಂದೆ ಹೋಗುತ್ತಲೇ ಇರಬೇಕೇ? ಇಲ್ಲ. ತಪ್ಪು ಒಂದು ಸಾಲಿಗೆ ಸೇರಿದ್ದೋ ಇಡೀ ಕೆಲಸಕ್ಕೆ ಸೇರಿದ್ದೋ ನೋಡಬೇಕು. ಕಡತವೇ ಸಿಗದಿದ್ದರೆ, ದರವನ್ನೇ ತಪ್ಪಾಗಿ ಕೊಟ್ಟಿದ್ದರೆ, ಲೂಪ್ ಶುರುವಾಗಲೇಬಾರದು. ಅಂಥದ್ದನ್ನು ಹಿಡಿಯುವ ಟ್ರೈ ಲೂಪ್‌ನ ಹೊರಗೇ ಇರಬೇಕು. ಅನಾಮತ್ತಿನಲ್ಲಿ ಎರಡೋ ಮೂರೋ ಸಾಲಿದ್ದರೆ ಸರಿ, ಅರ್ಧದಷ್ಟು ಸಾಲುಗಳು ಅಲ್ಲಿಗೇ ಹೋಗುತ್ತಿದ್ದರೆ ಬ್ರೇಕ್ ಹಾಕಿ ನಿಲ್ಲಿಸುವುದು ಒಳ್ಳೆಯದು, ಬಹುಶಃ ಬೇರೆಯೇ ಕಡತ ತೆರೆದಿದ್ದೇವೆ.

ನಿಲ್ಲಬಾರದ ಕಡೆ ನಿಂತದ್ದಕ್ಕೆ ಪ್ರಸಿದ್ಧ ಉದಾಹರಣೆ ಯುರೋಪಿನ ಏರಿಯಾನ್ 5 ರಾಕೆಟ್‌ನ ಮೊದಲ ಹಾರಾಟ, 1996ರ ಜೂನ್ 4. 16 ಬಿಟ್‌ನ ಜಾಗಕ್ಕೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂತು. ಆ ಎರರ್ ಅನ್ನು ಹಿಡಿಯುವವರಿರಲಿಲ್ಲ. ದಿಕ್ಕು ಹೇಳುವ ಕಂಪ್ಯೂಟರ್ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಬದಲಿಗೆಂದು ಇಟ್ಟಿದ್ದ ಇನ್ನೊಂದರಲ್ಲಿಯೂ ಅದೇ ಪ್ರೋಗ್ರಾಂ, ಅದೇ ಎರರ್. ಹೊರಟು ನಲವತ್ತು ಸೆಕೆಂಡಿನೊಳಗೆ ರಾಕೆಟ್ ದಾರಿ ತಪ್ಪಿ ಚೂರಾಯಿತು.

ವಾಣಿಜ್ಯದವರಿಗೆ ಹೆಚ್ಚು ತಟ್ಟುವುದು ಬ್ರಿಟನ್ನಿನ ಅಂಚೆ ಕಚೇರಿಗಳದ್ದು. ಅಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಅದು ನಿಲ್ಲಲಿಲ್ಲ, ಓಡುತ್ತಲೇ ಇತ್ತು. ಆದರೆ ಅದರ ದೋಷಗಳಿಂದ ಎಷ್ಟೋ ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸಿತು. ಕಂಪ್ಯೂಟರ್ ಸರಿ, ಪೋಸ್ಟ್ ಮಾಸ್ಟರ್ ಕಳ್ಳ ಎಂದು ನಂಬಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೂ ಹೋದರು. ಆ ತೀರ್ಪುಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ಇದನ್ನು ಓದಿದಾಗ ನನಗೆ "ಕಂಪ್ಯೂಟರ್ ತಪ್ಪುತ್ತಾ?" ಎಂದ ಖಾಲಾ ಅವರ ಮಾತೇ ಕೇಳಿಸಿತು.

ನಮ್ಮ ಮನೆಗಳಿಗೆ ಹತ್ತಿರದ ಉದಾಹರಣೆಯೂ ಇದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಕೋಟಿಗೂ ಹೆಚ್ಚು ಯಜಮಾನಿಯರಿಗೆ ತಿಂಗಳಿಗೆ 2,000 ರೂಪಾಯಿ ಅವರ ಬ್ಯಾಂಕ್ ಖಾತೆಗೇ ಹೋಗಬೇಕು. ನಮ್ಮ ಪಾಠದ ಕಣ್ಣಿನಿಂದ ನೋಡಿದರೆ ಇದೊಂದು ಬಹಳ ಉದ್ದದ ಲೂಪ್. ಜಗಳೂರಿನ ಒಬ್ಬರ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂದು ಉಳಿದವರ ಹಣ ನಿಲ್ಲಬಾರದು, ಆ ಮಾತು ಸರಿ. ಆದರೆ ಆ ಒಬ್ಬರಿಗೆ ಬೇಕಾದದ್ದು ಎಕ್ಸೆಪ್ಟ್‌ನ ಕೆಳಗೆ ಏನು ಬರೆದಿದೆ ಎಂಬುದು. "ಆಧಾರ್ ಜೋಡಣೆ ಇಲ್ಲ" ಎಂದು ಕಾರಣ ಗೊತ್ತಾದರೆ ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಳ್ಳಬಹುದು. "ಹಣ ಬಂದಿಲ್ಲ" ಎಂದಷ್ಟೇ ಗೊತ್ತಾದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಸ್ಕಾಲರ್‌ಶಿಪ್ ಅರ್ಜಿ ಹಾಕಿದ ನಮ್ಮಲ್ಲಿ ಹಲವರಿಗೆ ಈ ಅಲೆದಾಟದ ಪರಿಚಯವಿದೆ.

ಮಾಮು ಅವರ ಮುಂದಿನ ವಾರದ ಪಟ್ಟಿಯ ಕೊನೆಯಲ್ಲಿ "ಓದಿದ ಸಾಲು 38, ಅನಾಮತ್ತು 2" ಎಂದು ಬಂತು. ಈಗ ಅವರು ಪಟ್ಟಿಯನ್ನು ಕೆಳಗಿನಿಂದ ಓದುತ್ತಾರೆ. ಮೊದಲು ಆ ಎರಡು ಸಾಲುಗಳನ್ನು ನೋಟ್‌ಬುಕ್‌ನಲ್ಲಿ ಹುಡುಕಿ, ನನ್ನಿಂದ ತಿದ್ದಿಸಿ, ಅನಾಮತ್ತು 0 ಎಂದಾದ ಮೇಲೆಯೇ ಹೆಸರು ಕೂಗಲು ಶುರು. ಅಡ್ಡಗೆರೆ ಇದ್ದರೆ ಸೊನ್ನೆ ಎಂದು ತೆಗೆದುಕೊಳ್ಳುವಂತೆ ಪ್ರೋಗ್ರಾಂ ಅನ್ನೇ ಬದಲಿಸು ಎಂದು ಅಣ್ಣ ಹೇಳಿದ. ಮುಂಗಡದ ಕಲಮಿಗೆ ಮಾತ್ರ ಒಪ್ಪಿದೆ, ತೂಕದ ಕಲಮಿಗೆ ಒಪ್ಪಲಿಲ್ಲ. ತೂಕದ ಜಾಗದಲ್ಲಿ ಗೆರೆ ಇದ್ದರೆ ಸುಲಿದಿಲ್ಲ ಎಂದೂ ಆಗಬಹುದು, ತೂಗಿ ಬರೆಯಲು ಮರೆತರು ಎಂದೂ ಆಗಬಹುದು.

ಇದರ ಮೇಲೆಯೇ ಒಂದು ಅಭ್ಯಾಸ. ಒಂದು ಕಡತದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕುಗಳ ಒಂದು ವಾರದ ಮಳೆಯನ್ನು ನೀವೇ ಊಹಿಸಿ ಟೈಪ್ ಮಾಡಿ, ದಿನಕ್ಕೊಂದು ಸಾಲಿನಂತೆ 28 ಸಾಲು. ಕೆಲವು ಕಡೆ 0, ಕೆಲವು ಕಡೆ ಅಡ್ಡಗೆರೆ, ಒಂದು ಕಡೆ "12 ಮಿ.ಮೀ." ಎಂದು ಬೇಕೆಂದೇ ಬರೆಯಿರಿ. 0 ಎಂದರೆ ಮಳೆಯಾಗಿಲ್ಲ, ಗೆರೆ ಎಂದರೆ ಅಳೆದಿಲ್ಲ. ಜಗಳೂರಿನ ಸ್ನೇಹಿತರಿಗೆ ಇವೆರಡರ ವ್ಯತ್ಯಾಸವನ್ನು ನಾನು ಹೇಳಬೇಕಾಗಿಲ್ಲ. ಪ್ರತಿ ತಾಲ್ಲೂಕಿನ ಸರಾಸರಿ ಕಂಡುಹಿಡಿಯಿರಿ. ಅಳೆಯದ ದಿನವನ್ನು ಭಾಗಿಸುವಾಗ ಸೇರಿಸಬೇಕೋ ಬೇಡವೋ? ಒಂದು ತಾಲ್ಲೂಕಿನಲ್ಲಿ ಏಳೂ ದಿನ ಗೆರೆಯೇ ಇದ್ದರೆ ಯಾವ ಎರರ್ ಬರುತ್ತದೆ, ಎಲ್ಲಿ ಬರುತ್ತದೆ? ಹಾಗೆಯೇ ಮೇಲಿನ ನನ್ನ ಪ್ರೋಗ್ರಾಂಗೆ ಒಂದೂ ಸಾಲಿಲ್ಲದ ಖಾಲಿ ಕಡತ ಕೊಟ್ಟರೆ ಅದು ಕೊನೆಯಲ್ಲಿ ನಿಂತುಹೋಗುತ್ತದೆ. ಏಕೆ ಎಂದು ಹುಡುಕಿ. ನನಗೆ ಅದು ಹೊಳೆದಿರಲಿಲ್ಲ, ಲ್ಯಾಬ್‌ನಲ್ಲಿ ಮೇಡಂ ತೋರಿಸಿದರು. ಉತ್ತರಗಳು ಮುಂದಿನ ಸಂಚಿಕೆಯಲ್ಲಿ.